ನನ್ನ ಬಂದೂಕು, ಅವನ ಗುರಿ

ಆ ಹಳೆಯ ಇಂಗ್ಲಿಷ್ ಏರ್ ಗನ್ ನನ್ನದು. ಇದನ್ನು ಮೊದಲೇ ಒತ್ತಿ ಹೇಳಬೇಕು, ಏಕೆಂದರೆ ನಮ್ಮ ನೆಂಟರಿಷ್ಟರಲ್ಲಿ ಅರ್ಧ ಜನ ಅದು ನನ್ನ ಷಡ್ಡಕನದು ಎಂದೇ ತಿಳಿದಿದ್ದಾರೆ. ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಸುಗಟೂರಿನವನು. ಲೈಸೆನ್ಸ್ ಇರುವುದು ನನ್ನ ಹೆಸರಿನಲ್ಲಿ. ಅದನ್ನು ಮಾಡಿಸಲು ಕೋಲಾರದ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವನು ನಾನು. ಎಣ್ಣೆ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಬೀರುವಿನಲ್ಲಿ ಬೀಗ ಹಾಕಿಡುವವನೂ ನಾನೇ. ಅದರಲ್ಲಿ ಹೊಡೆದು ಹೆಸರು ಮಾಡಿದವನು ಮಾತ್ರ ಅವನು.

ಬಂದೂಕು ಮೊದಲು ನನ್ನ ಮಾವನವರ ಹತ್ತಿರ ಇತ್ತು. ಶ್ರೀನಿವಾಸಪುರದ ಕಡೆ ಅವರದೊಂದು ಮಾವಿನ ತೋಪಿದೆ. ಚಿನ್ನದ ಗಣಿಯಲ್ಲಿದ್ದ ಯಾರೋ ಅಧಿಕಾರಿ ಊರು ಬಿಡುವಾಗ ಸ್ನೇಹಕ್ಕೆಂದು ಕೊಟ್ಟು ಹೋದದ್ದಂತೆ. ಸಾಮಾನ್ಯ ಏರ್ ಗನ್ನಿನ ಹೊಟ್ಟೆಯಲ್ಲಿ ಉದ್ದನೆಯ ಸ್ಪ್ರಿಂಗ್ ಇರುತ್ತದೆ. ಇದರಲ್ಲಿ ಸ್ಪ್ರಿಂಗ್ ಇಲ್ಲ, ಅದರ ಜಾಗದಲ್ಲಿ ಮುಚ್ಚಿದ ಕೊಳವೆಯೊಂದರಲ್ಲಿ ಗ್ಯಾಸ್ ತುಂಬಿದ್ದಾರೆ. ನಳಿಗೆಯನ್ನು ಮಡಿಸಿ ಕೆಳಕ್ಕೆ ಎಳೆದರೆ ಆ ಗ್ಯಾಸ್ ಒತ್ತಿಕೊಂಡು ಕೂರುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಮುಂದಕ್ಕೆ ನುಗ್ಗಿ ಸೀಸದ ಗುಂಡನ್ನು ತಳ್ಳುತ್ತದೆ. ಎಳೆಯುವುದಕ್ಕೆ ತೋಳಿನಲ್ಲಿ ಕಸುವು ಬೇಕು, ನನಗೆ ಎದೆಗೂಡೇ ಹಿಡಿದುಕೊಳ್ಳುತ್ತಿತ್ತು. ಈ ಗ್ಯಾಸನ್ನು ಆಗಾಗ ತುಂಬಿಸಬೇಕಾಗಿಲ್ಲ ಎಂದು ಎಷ್ಟು ಸಲ ಬಿಡಿಸಿ ಹೇಳಿದ್ದರೂ ತೋಪಿನ ಪಕ್ಕದವರು ಈಗಲೂ ನನ್ನನ್ನು ಕಂಡರೆ, “ಏನ್ ಸಾರ್, ಸಿಲಿಂಡರ್ ಬುಕ್ ಮಾಡಿದ್ರಾ?” ಎಂದು ಕೇಳುತ್ತಾರೆ.

ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಹೋದಾಗ ಮಾವ ಅದನ್ನು ಒಳಗಿನಿಂದ ತಂದು ನನ್ನ ಮಡಿಲಲ್ಲಿಟ್ಟರು. ಅವರ ಭುಜಕ್ಕೆ ಆಪರೇಷನ್ ಆಗಿತ್ತು, ನಳಿಗೆ ಎಳೆಯುವಂತಿರಲಿಲ್ಲ. “ಹಿರಿ ಅಳಿಯ ನೀವು, ನಿಮ್ಮತ್ರಾನೇ ಇರ್ಲಿ,” ಎಂದರು. ಟೇಕಲ್ಲಿನ ನಮ್ಮ ಮನೆಯಲ್ಲಿ ಕುಡುಗೋಲಿಗಿಂತ ದೊಡ್ಡ ಆಯುಧವನ್ನು ಯಾರೂ ಮುಟ್ಟಿದವರಲ್ಲ. ನಾನು ಓದಿದ್ದು ಲೆಕ್ಕಪತ್ರ, ಕೂರುವುದು ಕೋಲಾರದ ಒಂದು ಆಡಿಟ್ ಆಫೀಸಿನಲ್ಲಿ. ಅಕ್ರೋಟು ಮರದ ಆ ಹಿಡಿಯ ಮೇಲೆ ಕೈಯಾಡಿಸಿದಾಗ ನನಗೆ ಆದ ಹೆಮ್ಮೆ ಮದುವೆಯ ಮಂಟಪದಲ್ಲೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದ್ದೇನೆ, ಅವಳು ನಕ್ಕಿದ್ದಾಳೆ.

ಮಾವನ ತೋಪಿನಲ್ಲಿ ಒಂದು ಪದ್ಧತಿಯಿತ್ತು. ಕಾಯಿ ಕಿತ್ತು ಲಾರಿಗೆ ತುಂಬಿದ ಮೇಲೆ ಮನೆ ಮುಂದಿನ ಮಲಗೋವಾ ಮರದ ತುದಿಯಲ್ಲಿ, ದೋಟಿಗೆ ಎಟುಕದೆ, ನಾಲ್ಕಾರು ಕಾಯಿ ಉಳಿಯುತ್ತವೆ. ಅವನ್ನು ಬಂದೂಕಿನಿಂದ ಇಳಿಸಬೇಕು. ಕಾಯಿಗೆ ಹೊಡೆಯುವಂತಿಲ್ಲ, ತೊಟ್ಟಿಗೆ ಹೊಡೆಯಬೇಕು. ಕಾಯಿಗೆ ಗುಂಡು ತಗುಲಿದರೆ ಸೀಸ ಸೇರಿದ್ದು ಯಾರಿಗೂ ಬೇಡವೆಂದು ತಿಪ್ಪೆಗೆ ಎಸೆಯುತ್ತಾರೆ, ಹೊಡೆದವನಿಗೆ ಆ ದಿನ ಊಟದಲ್ಲಿ ಸೀಕರಣೆ ಇಲ್ಲ. ಅಕ್ಕತಂಗಿಯರು ಹಳೆಯ ಸೀರೆಯೊಂದರ ನಾಲ್ಕು ಮೂಲೆಗಳನ್ನು ಗೂಟಗಳಿಗೆ ಬಿಗಿದು ಕೆಳಗೆ ಕಟ್ಟಿ ದೂರ ನಿಲ್ಲುತ್ತಿದ್ದರು. ತೊಟ್ಟು ಕಡಿದು ಕಾಯಿ ಸೀರೆಗೆ ಬಿದ್ದರೆ ಮಾವ “ಭಲೇ!” ಎನ್ನುತ್ತಿದ್ದರು. ಅವರು ಹಾಗೆ ಸುಲಭಕ್ಕೆ ಅನ್ನುವ ಮನುಷ್ಯರಲ್ಲ. ಆ ಒಂದು ಭಲೇಗಾಗಿ ನಾನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆ ಎನ್ನುವುದು ನನಗೇ ಗೊತ್ತು.

ಷಡ್ಡಕ ಅಳಿಯನಾಗಿ ಬಂದ ಮೊದಲ ಬೇಸಿಗೆಯಲ್ಲೇ ಅದನ್ನು ಗಿಟ್ಟಿಸಿಕೊಂಡ. ನಾನು ಎರಡು ಗುಂಡು ಎಲೆಗಳಿಗೆ ದಾನ ಮಾಡಿ, ಮೂರನೆಯದರಲ್ಲಿ ಕಾಯಿಯ ಕೆನ್ನೆಗೇ ತೂತು ಮಾಡಿ ನಿಂತಿದ್ದೆ. ಮಾವ ನನ್ನ ಕೈಯಿಂದ ಬಂದೂಕು ತೆಗೆದು, “ಚಿಕ್ಕೋರೂ ಒಂದ್ಸಲ ನೋಡ್ಲಿ,” ಎಂದು ಅವನಿಗೆ ಕೊಟ್ಟರು. ಅವನು ಆವತ್ತಿಗೆ ಬಂದೂಕು ಹಿಡಿದವನೇ ಅಲ್ಲ. ಬೆರಳುಗಳನ್ನು ಬಿಡಿಸಿ, ಅಂಗೈ ಮೇಲೆ ಅದನ್ನು ಸುಮ್ಮನೆ ಒರಗಿಸಿಕೊಂಡು, ಕಡಲೆಕಾಯಿ ಅಗಿಯುತ್ತಲೇ ಒತ್ತಿದ. ಕಾಯಿ ಸೀರೆಯಲ್ಲಿತ್ತು. ಮಾವ ಭಲೇ ಎಂದರು, ಅತ್ತೆ ಒಳಗಿನಿಂದ ಬಂದು ದೃಷ್ಟಿ ತೆಗೆದರು. ನನಗೆ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಯಿತು.

ಆ ಬಗೆಯ ಬಂದೂಕಿನ ಗುಣವೇ ಅದು. ಜೋರಾಗಿ ಒದೆಯುತ್ತದೆ, ಬಿಗಿಯಾಗಿ ಹಿಡಿದಷ್ಟೂ ಒದೆತ ಅಡ್ಡ ಹೋಗಿ ಗುಂಡು ಎತ್ತಲೋ ಹೋಗುತ್ತದೆ. ಅದನ್ನು ಸಡಿಲವಾಗಿ ಹಿಡಿದು, ಒದೆಯುವಾಗ ಒದೆಯಲು ಬಿಡಬೇಕು. ಮಾವ ನನಗೆ ಮೊದಲ ದಿನದಿಂದಲೂ ಇದನ್ನೇ ಹೇಳುತ್ತಿದ್ದರು: “ಮೆತ್ತಗೆ, ಮೆತ್ತಗೆ. ಓಡೋಗಲ್ಲ ಅದು.” ನನಗೂ ಗೊತ್ತು. ಟೇಕಲ್ಲಿನ ಗುಡ್ಡದ ಬುಡದಲ್ಲಿರುವ ನಮ್ಮ ಹೊಲದಲ್ಲಿ, ಬಂಡೆಗೆ ಒರಗಿಸಿಟ್ಟ ಎಣ್ಣೆ ಡಬ್ಬಿಗಳಿಗೆ ಒಬ್ಬನೇ ಹೊಡೆದು ಸಾಕಷ್ಟು ಸಲ ಉರುಳಿಸಿದ್ದೇನೆ. ಆದರೆ ತೋಪಿನಲ್ಲಿ ಅವನು ಪಕ್ಕದಲ್ಲಿ ನಿಂತನೆಂದರೆ ನನ್ನ ಬೆರಳುಗಳು ತಾವಾಗಿಯೇ ಬಿಗಿದುಕೊಳ್ಳುತ್ತಿದ್ದವು. ಇನ್ನೇನು ಕಸಿದುಕೊಂಡುಬಿಡುತ್ತಾನೆ ಅನ್ನಿಸುತ್ತಿತ್ತು. ಅವನದಲ್ಲದ ವಸ್ತು, ಅವನು ಸಡಿಲವಾಗಿ ಹಿಡಿಯುವುದರಲ್ಲಿ ಏನು ದೊಡ್ಡಸ್ತಿಕೆ?

ಇದರ ಮೇಲೆ ಭಾಷೆಯದೊಂದು ಕಾಟ. ಮಾವನ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ನನ್ನೊಂದಿಗೆ ಅವರು ಕನ್ನಡವನ್ನೇ ಆಡುತ್ತಾರೆ. ಆದರೆ ನನ್ನ ಗುರಿ ತಪ್ಪಿದ ಗಳಿಗೆಯಲ್ಲಿ ಮಾತ್ರ ಅವರ ಬಾಯಿಗೆ ತೆಲುಗು ಬಂದುಬಿಡುತ್ತಿತ್ತು. “ಅಯ್ಯೋ, ಪೆದ್ದಲ್ಲುಡು!” ಎನ್ನುತ್ತಿದ್ದರು. ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡ, ಅಲ್ಲುಡು ಎಂದರೆ ಅಳಿಯ, ದೊಡ್ಡ ಅಳಿಯ ಎಂದಷ್ಟೇ ಅರ್ಥ. ಆದರೆ ಟೇಕಲ್ಲಿನ ಕಿವಿಗೆ ಪೆದ್ದ ಎಂದರೆ ಪೆದ್ದನೇ. ಮೊದಲ ಸಲ ನಾನು ಮುಖ ಊದಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇಬಿಟ್ಟಿದ್ದೆ. ಹೆಂಡತಿ ಹಿಂದೆಯೇ ಓಡಿಬಂದು, “ರೀ, ಹಿರೀಕ ಅಂತ ಮರ್ಯಾದೆಗೆ ಅಂದಿದ್ದು ಕಣ್ರೀ, ಸುಮ್ನೆ ಬನ್ನಿ,” ಎಂದು ಕರೆದುಕೊಂಡು ಹೋದಳು. ಹೇಳುವಾಗ ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಅರ್ಥ ಗೊತ್ತಿದ್ದೂ ಪ್ರತಿ ಸಲ ಚುರುಕ್ ಎನ್ನುತ್ತಿತ್ತು. ಮರ್ಯಾದೆಯಾದರೆ ಗುರಿ ತಪ್ಪಿದಾಗಲೇ ಏಕೆ ಬರಬೇಕು?

ಷಡ್ಡಕನಲ್ಲಿ ದೂರುವಂಥದ್ದು ಏನೂ ಇಲ್ಲ, ನನ್ನ ಸಂಕಟವೇ ಅದು. ಟೊಮೇಟೊ, ಹಿಪ್ಪುನೇರಳೆ ಎರಡನ್ನೂ ಬೆಳೆದು ಚೆನ್ನಾಗಿದ್ದಾನೆ. ಬಿಳಿ ಕಾರಿನಲ್ಲಿ ಬರುತ್ತಾನೆ, ನಾವು ಬಸ್ಸಿನಲ್ಲಿ ಬಂದರೆ ವಾಪಸು ಕೋಲಾರದವರೆಗೆ ಬಿಟ್ಟು ಹೋಗುತ್ತಾನೆ. ಅಣ್ಣ ಅಣ್ಣ ಎಂದು ಬಾಯ್ತುಂಬ ಕರೆಯುತ್ತಾನೆ. ದಾರಿಯುದ್ದಕ್ಕೂ ನಾನು ಬಂದೂಕನ್ನು ತೊಡೆಗಳ ನಡುವೆ ಇಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ರೇಷ್ಮೆಹುಳು ಎತ್ತಿ ಎತ್ತಿ ಅವನ ಕೈ ಮೃದುವಾಗಿದೆ, ಅದಕ್ಕೇ ಗುರಿ ಕೂರುತ್ತದೆ, ಇದು ಪ್ರತಿಭೆಯೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನ ಕೋಲಾರ ಮುಟ್ಟುವವರೆಗೂ ಉಳಿಯುತ್ತಿರಲಿಲ್ಲ.

ಈ ವರ್ಷ ಕಾಯಿ ಇಳಿದ ಮೇಲೆ ಮಾವ ಎಲ್ಲರನ್ನೂ ಕರೆದರು. ನಾನು ಹಿಂದಿನ ದಿನವೇ ಬಂದೂಕನ್ನು ಒರೆಸಿ ಸಿದ್ಧ ಮಾಡಿದ್ದೆ. ಈ ಸಲ ಅವನು ಕೇಳಿದರೆ ಟ್ರಿಗರ್ ಸರಿಯಿಲ್ಲ ಎಂದುಬಿಡಬೇಕು ಎಂದೂ ತೀರ್ಮಾನ ಮಾಡಿದ್ದೆ. ಅವನು ಕೇಳಲೇ ಇಲ್ಲ. ಕಾರಿನ ಹಿಂಬದಿ ತೆಗೆದು ಉದ್ದನೆಯ ಪೆಟ್ಟಿಗೆಯೊಂದನ್ನು ಹೊರಗೆ ಎಳೆದ. ಒಳಗೆ ಹೊಚ್ಚಹೊಸ ಏರ್ ಗನ್. ಅದೂ ಗ್ಯಾಸಿನದೇ, ಆದರೆ ನನ್ನದರ ಅರ್ಧ ತೂಕ, ಕಪ್ಪು ಪ್ಲಾಸ್ಟಿಕ್ ಹಿಡಿ, ಲೈಸೆನ್ಸ್ ಬೇಡದಷ್ಟು ಕಡಿಮೆ ಕಸುವಿನದು. ಇಷ್ಟು ದಿನ ಅವನು ನನ್ನದನ್ನು ಮುಟ್ಟುತ್ತಾನಲ್ಲ ಎಂದು ಉರಿಯುತ್ತಿದ್ದವನಿಗೆ ಈಗ ಮುಟ್ಟುವುದಿಲ್ಲವಲ್ಲ ಎಂದು ಇನ್ನೂ ಹೆಚ್ಚು ಉರಿಯಿತು.

“ಅಣ್ಣ, ಇದ್ರಲ್ಲಿ ಮೊದ್ಲು ನೀವೇ ಹೊಡೀರಿ,” ಎಂದ.

ಬೇಡವೆಂದರೆ ಸಣ್ಣತನ ಕಾಣುತ್ತದೆ ಎಂದು ತೆಗೆದುಕೊಂಡೆ. ಯಾರದೋ ಮನೆಯ ಪಾತ್ರೆ ಹಿಡಿದಂತೆ ಹಿಡಿದೆ. ಬಿದ್ದರೆ ಅವನದು ಬೀಳಲಿ ಎನ್ನುವಷ್ಟು ಅಸಡ್ಡೆ. ತುದಿಯ ಕಾಯಿ ನೋಡಿದೆ, ಅದರ ತೊಟ್ಟು ನೋಡಿದೆ, ಒತ್ತಿದೆ. ಕಾಯಿ ದೊಪ್ಪನೆ ಸೀರೆಗೆ ಬಿತ್ತು, ಸಣ್ಣ ಗೀರೂ ಇರಲಿಲ್ಲ.

“ಭಲೇ, ದೊಡ್ಡಳಿಯಂದ್ರೇ!” ಎಂದರು ಮಾವ. ಅಚ್ಚ ಕನ್ನಡದಲ್ಲಿ. ನನ್ನ ಕಣ್ಣು ಒದ್ದೆಯಾಯಿತು ಎಂದರೆ ನಗುತ್ತೀರಿ, ಆದರೆ ಆಯಿತು. ನಾನು ಕನ್ನಡಕ ಒರೆಸಿಕೊಳ್ಳುವಂತೆ ಮಾಡಿದೆ. ಅಷ್ಟರಲ್ಲಿ ಅವರು ಮಾತು ಮುಂದುವರಿಸಿದರು. “ನೋಡಿ, ಇದು ನಿಮ್ ಕೈಗೆ ಸರಿಯಾಗೈತೆ. ಆ ಹಳೇದು ಚಿಕ್ಕೋರ ಕೈಗೆ ಸರಿ. ಬದಲಾಯಿಸ್ಕೊಂಡ್ಬಿಡಿ, ಇಬ್ರಿಗೂ ಒಳ್ಳೇದು.”

“ಕೊಡಲ್ಲ,” ಎಂದೆ.

ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಅತ್ತೆ ಕೈಯಲ್ಲಿದ್ದ ಮಜ್ಜಿಗೆ ಲೋಟ ಹಿಡಿದುಕೊಂಡೇ ನಿಂತರು. ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಮಾವ ಜಗಲಿಯ ಮೇಲೆ ಕೂತು ಟವೆಲ್ಲು ಕೊಡವತೊಡಗಿದರು.

ಷಡ್ಡಕ ಮಾತ್ರ ನಕ್ಕ. ಕೊಂಕು ನಗುವಲ್ಲ, ಅವನಿಗೆ ಅದು ಬರುವುದೂ ಇಲ್ಲ. “ಬಿಡಿ ಮಾವ, ಯಾಕ್ ಬದಲಾಯಿಸ್ಬೇಕು? ನಂಗೆ ಬಂದೂಕಿನ ಮೇಲೆ ಆಸೇನೇ ಇಲ್ಲ. ನೀವು ಕೈಗೆ ಕೊಡ್ತಿದ್ರಿ, ಬ್ಯಾಡ ಅಂದ್ರೆ ಚೆನ್ನಾಗಿರಲ್ಲ ಅಂತ ಹೊಡೀತಿದ್ದೆ ಅಷ್ಟೆ. ಇದನ್ನ ಅಣ್ಣಂಗೇ ಅಂತ್ಲೇ ತಂದಿದ್ದು. ಅದು ಭಾರ, ಎಳೆಯೋವಾಗ ಎದೆ ಹಿಡ್ಕೊಂತಾರೆ. ಪ್ರತಿ ವರ್ಷ ಅವರು ಅಷ್ಟು ಆಸೆಯಿಂದ ಬಂದು ತಪ್ಪಿಸೋದು ನೋಡಕ್ಕಾಗ್ತಿರ್ಲಿಲ್ಲ.”

ಹೇಳಿ, ನೆಲದಲ್ಲಿದ್ದ ಪೆಟ್ಟಿಗೆಯ ಧೂಳು ಕೊಡವಿ ನನ್ನ ಪಕ್ಕದಲ್ಲಿಟ್ಟು, ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಆ ಸಂಜೆ ಅವನ ಕಾರಿನಲ್ಲೇ ಕೋಲಾರಕ್ಕೆ ಬಂದೆವು. ಈಗ ನನ್ನ ಬೀರುವಿನಲ್ಲಿ ಎರಡು ಬಂದೂಕುಗಳಿವೆ, ಅವನ ಹತ್ತಿರ ಒಂದೂ ಇಲ್ಲ. ಆದರೂ ಹೊಟ್ಟೆ ಉರಿಯುತ್ತಿರುವುದು ನನಗೇ.