ಎಪ್ಪತ್ತೊಂದನೆಯ ಗಾಜು

ಅಂಗರಚನಾಶಾಸ್ತ್ರವೆಂದರೆ ಎಲುಬುಗಳ ಹೆಸರನ್ನು ಉರುಹೊಡೆಯುವ ವಿದ್ಯೆಯೆಂದು ನಂಬಿ ವಿಶ್ವವಿದ್ಯಾಲಯದ ಮೆಟ್ಟಿಲೇರಿದವರಿಗೆಲ್ಲ, ಮೂವತ್ತೆಂಟು ವರ್ಷಗಳ ಕಾಲ, ಹೆಸರು ಹೇಳುವ ಮೊದಲು ನೋಡುವುದನ್ನು ಕಲಿಸಿದವರು ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮ ಪ್ರಾಧ್ಯಾಪಕಿಯವರು. ಭ್ರೂಣಶಾಸ್ತ್ರದಲ್ಲಿ ಅವರಿಗೆ ಸರಿಸಾಟಿಯಾದವರನ್ನು ನಾನಂತೂ ಕಂಡಿಲ್ಲ. ಎರಡೂ ಕೈಗಳಲ್ಲಿ ಸೀಮೆಸುಣ್ಣ ಹಿಡಿದು ಕಾಳಿನಷ್ಟಿರುವ ಭ್ರೂಣದ ಎಡಬಲಗಳನ್ನು ಹಲಗೆಯ ತುಂಬ ಏಕಕಾಲಕ್ಕೆ ಬರೆಯುತ್ತಿದ್ದ ಅವರನ್ನು ನಾವು ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತೆಂಬುದು ನಮಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವರು ಆರು ವಾರದ ಮಾನವ ಭ್ರೂಣವೊಂದನ್ನು ತಲೆಯಿಂದ ಕೆಳಕ್ಕೆ ತೆಳುವಾಗಿ ಕತ್ತರಿಸಿ, ಸಾವಿರಕ್ಕೂ ಮಿಕ್ಕ ಪದರಗಳನ್ನು ಸೂಕ್ಷ್ಮದರ್ಶಕದಡಿ ಇಡುವ ಇನ್ನೂರ ಹದಿನಾರು ಗಾಜುಗಳ ಮೇಲೆ ಕೂರಿಸಿದ್ದರು. ಗಾಜಿಗೊಂದು ಶಾಯಿಯ ಅಂಕಿ; ಯಾವ ಅಂಕಿಯಲ್ಲಿ ಏನು ಕಾಣುತ್ತದೆಂಬುದಕ್ಕೆ ಒಂದು ಪಟ್ಟಿ. ವಿಭಾಗದ ಆಸ್ತಿಯೆಂದರೆ ಅದೇ.

ಹದಿನಾರು ವರ್ಷಗಳ ತರುವಾಯ ಸ್ನಾತಕೋತ್ತರ ತರಗತಿಗೆ ಬಂದ ನಾನು, ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಹಾಕಿ ಗಾಜುಗಳಿಗೆ ಅಂಟಿದ್ದ ಎಣ್ಣೆಯನ್ನು ನೋಡಲಾರದೆ, ಅಂಕಿ ಇದೆಯಲ್ಲ, ಆಮೇಲೆ ಜೋಡಿಸಿದರಾಯಿತು ಎಂಬ ಧೈರ್ಯದಿಂದ ಅಷ್ಟನ್ನೂ ಒಟ್ಟಿಗೆ ಸ್ಪಿರಿಟ್ಟಿನಲ್ಲಿ ತೊಳೆದೆ. ಗಾಜು ಫಳಫಳ ಹೊಳೆಯಿತು. ಅಂಕಿ ಒಂದೂ ಉಳಿಯಲಿಲ್ಲ.

ಕೆಂಡಾಮಂಡಲವಾದ ವಿಭಾಗದ ಮುಖ್ಯಸ್ಥರು ನನ್ನನ್ನು ತರಗತಿಯಿಂದ ತೆಗೆಯುವ ಪತ್ರ ಸಿದ್ಧಪಡಿಸಿದರು. ನಮ್ಮ ಪ್ರಾಧ್ಯಾಪಕಿ ಮೇಡಂ ಹೋಗಿ ಹದಿನೈದು ದಿನದ ಗಡುವು ಕೇಳಿ ತಂದರು. ಪಟ್ಟಿ ಮುಖ್ಯಸ್ಥರ ಬೀರುವಿನಲ್ಲೇ ಇರತಕ್ಕದ್ದು, ಗಾಜುಗಳನ್ನು ನಾನೊಬ್ಬಳೇ ಜೋಡಿಸತಕ್ಕದ್ದು, ತಪ್ಪಿದರೆ ಪತ್ರಕ್ಕೆ ಸಹಿ ಬೀಳುವುದು.

“ನನ್ನಿಂದ ಆಗಲ್ಲ ಮೇಡಂ,” ಎಂದು ಅತ್ತೆ.

“ಅಳು ಮುಗಿದ್ಮೇಲೆ ಕೂತ್ಕೋ. ಮಿದುಳಿಂದ ಶುರು ಮಾಡು, ಬೆನ್ನುಹುರಿ ಹಿಡ್ಕೊಂಡು ಇಳಿ. ಕಣ್ಣಿಗೆ ಕಂಡಿದ್ದನ್ನ ನಂಬು.”

ತಮ್ಮ ಒಳ್ಳೆಯ ಸೂಕ್ಷ್ಮದರ್ಶಕವನ್ನು ನನ್ನ ಮೇಜಿಗೆ ತರಿಸಿ, ಕಣ್ಣಲ್ಲಿ ನೀರು ಬರಿಸುವ ಹಳೆಯದನ್ನು ತಾವಿಟ್ಟುಕೊಂಡರು. ಒಂದು ಗಾಜಿನ ಸುಳಿವನ್ನು ಮಾತ್ರ ಕೊಡಲಿಲ್ಲ. ಆ ದಿನಗಳಲ್ಲಿ ಅವರನ್ನು ಮನಸಾರೆ ಬೈದುಕೊಂಡಿದ್ದೇನೆ.

ಹದಿನೈದನೆಯ ದಿನ ಮುಖ್ಯಸ್ಥರು ಪಟ್ಟಿ ಹಿಡಿದು ಒಂದೊಂದೇ ಗಾಜನ್ನು ತಾಳೆ ನೋಡುತ್ತ ಬಂದು ಎಪ್ಪತ್ತೊಂದರಲ್ಲಿ ನಿಂತರು. “ಇಲ್ಲಿ ಶ್ವಾಸನಾಳ ಎರಡಾಗಿರ್ಬೇಕು, ಎಪ್ಪತ್ತೆರಡರಲ್ಲಿ ಒಂದೇ. ನೀನು ಅದಲುಬದಲು ಮಾಡಿದ್ದೀಯ.”

ನಾನು ಹೇಳಿದೆ: “ಪಟ್ಟೀಲೇ ತಪ್ಪಿದೆ ಸಾರ್. ಮೇಲಿಂದ ಒಂದಾಗಿ ಬಂದ ನಾಳ ಎರಡಾದ್ಮೇಲೆ ಕೆಳಗೆ ಮತ್ತೆ ಒಂದಾಗೋಕಾಗಲ್ಲ.”

“ಪಟ್ಟಿ ಬರೆದೋರು ಯಾರು ಅಂತ ಗೊತ್ತಿದ್ದೂ ಹೀಗಂತೀಯಾ?”

ಗೊತ್ತಿತ್ತು. ಬರೆದವರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಬಾಗಿ ಎರಡೂ ಗಾಜುಗಳನ್ನು ಬಹಳ ಹೊತ್ತು ನೋಡಿದರು.

“ಅವಳು ಸರಿ ಸಾರ್. ತಪ್ಪು ನಂದು. ಹದಿನಾರು ವರ್ಷದಿಂದ ತಪ್ಪು ಪಾಠ ಹೇಳಿದ್ದೀನಿ.”

ಪತ್ರವನ್ನು ಮುಖ್ಯಸ್ಥರೇ ಹರಿದರು. ಮೇಡಂ ಪಟ್ಟಿಯ ಎರಡು ಸಾಲುಗಳನ್ನು ಹೊಡೆದು, ತಿದ್ದುವ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿ, ಸಹಿಯನ್ನೂ ನನ್ನಿಂದಲೇ ಹಾಕಿಸಿದರು. ಮಧ್ಯಾಹ್ನದ ತರಗತಿಯಲ್ಲಿ ಆ ತಪ್ಪಿನ ಕಥೆಯನ್ನು ಅವರು ಬಹುಮಾನ ಬಂದವರಂತೆ ಬೀಗುತ್ತ ಹೇಳಿಕೊಂಡರು. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಗೆಲುವು ಮತ್ತೆ ಬಂದಿಲ್ಲ.

ಇಂದು ಅವರು ನಿವೃತ್ತರಾಗುತ್ತಿದ್ದಾರೆ. ಅವರ ಕಣ್ಣುಗಳಿಗೆ ನಿವೃತ್ತಿ ಬಾರದಿರಲಿ, ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ, ಬರೆಯುತ್ತಿರುವ ಭ್ರೂಣಚಿತ್ರಗಳ ಗ್ರಂಥ ಬೇಗ ನಮ್ಮ ಕೈಸೇರಲಿ. ಅದರ ಕರಡನ್ನು ತಿದ್ದಲು ನನಗೇ ಕಳುಹಿಸಿದ್ದಾರೆ. ಮೊದಲ ಅಧ್ಯಾಯದಲ್ಲೇ ಎರಡು ತಪ್ಪು ಹಿಡಿದಿದ್ದೇನೆ. ಅವರಿಗೆ ಸಲ್ಲಿಸಲು ಇದಕ್ಕಿಂತ ದೊಡ್ಡ ಅಭಿನಂದನೆ ನನ್ನ ಬಳಿ ಇಲ್ಲ.