ಬ್ರೇಕಕ್ಕ ಮತ್ತು ತಮ್ಮನ ಒರಿಜಿನಲ್ ಸಿಲಿಂಡರ್

ಬ್ರೇಕ್ ರಿಪೇರಿ ಮಾಡಿ ಮಾಡಿ ಅವಳಿಗೆ ಬ್ರೇಕಕ್ಕ ಎಂದೇ ಹೆಸರು ಬಿದ್ದಿತ್ತು. ಮೂವತ್ತು ವರ್ಷದಿಂದ ಅದೇ ತಗಡಿನ ಶೆಡ್ಡು, ಅದೇ ಕೆಲಸ. ಉಗುರಿನ ಸಂದಿಯ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ. ಗಾಡಿ ತರುವ ಗಂಡಸರನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ. ಹಾರನ್ ಕೆಟ್ಟರೆ ಅದೇ ದಿನ ಓಡಿ ಬರುತ್ತಾರೆ, ಬ್ರೇಕ್ ಕೆಟ್ಟರೆ ಆರು ತಿಂಗಳು ‘ನೋಡೋಣ’ ಎನ್ನುತ್ತಾರೆ. ನಿಮ್ಮ ತಲೆಯಲ್ಲಿ ಇರುವುದಾದರೂ ಏನು ಎಂದು ಮುಖಕ್ಕೇ ಕೇಳುವಳು. ಆದರೂ ಬರುತ್ತಿದ್ದರು. ಅವಳು ಮುಟ್ಟಿದ ಬ್ರೇಕ್ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಅವರೆಲ್ಲರ ಪೈಕಿ ಅವಳು ಕಾಲ ಕಸಕ್ಕಿಂತ ಕಡೆಯಾಗಿ ಕಾಣುತ್ತಿದ್ದುದು ಸ್ವಂತ ತಮ್ಮನನ್ನು. ಅಪ್ಪ ಸತ್ತಾಗ ಅಪ್ಪನ ಹಳೇ ಜೀಪು ತಮ್ಮನಿಗೆ ಹೋಯಿತು, ಸ್ಪ್ಯಾನರ್ ಪೆಟ್ಟಿಗೆ ಇವಳಿಗೆ ಬಂತು. ಅದಕ್ಕೇನೂ ಅವಳ ಹೊಟ್ಟೆ ಉರಿಯಲಿಲ್ಲ. ಉರಿದದ್ದು ಆಮೇಲೆ, ಅವನು ಜೀಪನ್ನು ಮದುಮಗಳ ಹಾಗೆ ಸಿಂಗರಿಸಲು ಶುರು ಮಾಡಿದಾಗ. ಐದು ಸಲ ಬಣ್ಣ, ಚರ್ಮದ ಸೀಟು, ಫಳಫಳ ಹೊಳೆಯುವ ಬಂಪರು. ಗಾಡಿಯ ಅಡಿಗೆ ಒಂದು ಸಲವೂ ಬಗ್ಗಿ ನೋಡಿದವನಲ್ಲ, ಪ್ಯಾಂಟು ಕೊಳೆಯಾಗುತ್ತದಲ್ಲ! ಮೇಲೆ ತಳುಕು, ಒಳಗೆ ಹುಳುಕು.

ಭಾನುವಾರ ಹಳೇ ಗಾಡಿಗಳ ಮೆರವಣಿಗೆ, ಗೆದ್ದ ಗಾಡಿಗೆ ಬಹುಮಾನವೂ ಉಂಟು. ಗುಡ್ಡದ ನೆತ್ತಿಯಿಂದ ಊರಿನವರೆಗೆ ಒಂದೇ ಸಮನೆ ಇಳಿಜಾರು. ಪಕ್ಕದ ಸೀಟಿನಲ್ಲಿ ಎಂಬತ್ತು ದಾಟಿದ ಅಮ್ಮನನ್ನು ಕೂರಿಸಿಕೊಂಡು ಇಳಿದರೆ ಚಪ್ಪಾಳೆ ಜೋರಾಗಿ ಬೀಳುತ್ತದೆ ಎಂಬುದು ತಮ್ಮನ ಲೆಕ್ಕಾಚಾರ. ಶುಕ್ರವಾರ ಅಮ್ಮನನ್ನು ಅದೇ ಜೀಪಿನಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಬಂದು, ಪೆಡಲ್ ಸ್ವಲ್ಪ ಮೆತ್ತಗಾಗಿದೆ ನೋಡು ಎಂದ.

ಬ್ರೇಕಕ್ಕ ಮಾಸ್ಟರ್ ಸಿಲಿಂಡರ್ ಬಿಚ್ಚಿದಳು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಗಳಿಗೆ ತಳ್ಳುವುದು ಅದೇ. ಒಳಗೋಡೆಯ ಮೇಲೆ ಬೆರಳಾಡಿಸಿದರೆ ತುಕ್ಕು ತಿಂದ ಗುಳಿಗಳು ಉಗುರಿಗೆ ಸಿಕ್ಕವು. ಇಂಥದ್ದಕ್ಕೆ ಹೊಸ ರಬ್ಬರ್ ಹಾಕಿದರೂ ಗುಳಿಗಳ ಸಂದಿಯಿಂದ ಆಯಿಲ್ ನುಸುಳುತ್ತದೆ. ಹೊಸ ಸಿಲಿಂಡರೇ ಬೇಕು ಎಂದು ಕಪಾಟಿನಿಂದ ತೆಗೆದೂ ಇಟ್ಟಳು. ತಮ್ಮ ಮುಖ ಹಿಂಡಿದ. ಹಳೆಯದರ ಮೇಲೆ ಕಂಪನಿಯ ಮುದ್ರೆ ಇದೆಯಂತೆ, ಅದು ಒರಿಜಿನಲ್ಲಂತೆ, ತೀರ್ಪುಗಾರರು ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡುತ್ತಾರಂತೆ, ಹೊಸದು ಕಂಡರೆ ಅಂಕ ಕಳೆಯುತ್ತಾರಂತೆ. ರಬ್ಬರ್ ಬದಲಾಯಿಸು ಸಾಕು ಎಂದ. ಸರಿ, ಕಣ್ಣಾರೆ ನೋಡಲಿ ಎಂದು ಅವಳು ರಬ್ಬರ್ ಬದಲಾಯಿಸಿ, ಹಳೆಯದನ್ನೇ ಕೂರಿಸಿ, ಆಯಿಲ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು, ಪೆಡಲ್ ಮೇಲೆ ಅವನ ಕಾಲನ್ನೇ ಇಡಿಸಿದಳು. ಪೆಡಲ್ ಮೊದಲು ಗಟ್ಟಿಯಾಗಿ ನಿಂತಿತು, ಆಮೇಲೆ ಕೆಸರಿನಲ್ಲಿ ಕಾಲು ಹೂತ ಹಾಗೆ ಮೆಲ್ಲಗೆ ಇಳಿಯಿತು.

“ಸರಿಯಾಗೇ ಇದೆಯಲ್ಲ. ಇಳಿದ್ರೆ ಇನ್ನೊಂದ್ಸಲ ಒತ್ತಿದ್ರಾಯ್ತು,” ಎಂದ ಮಹಾನುಭಾವ.

ಅವಳ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬ್ರೇಕ್ ಸರಿ ಇದೆ ಎಂದು ಯಾರು ಹೇಳುತ್ತಾರೋ ಅವರು ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಇನ್ನೊಬ್ಬರು ಗಾಡಿಯನ್ನು ಅವರತ್ತಲೇ ಓಡಿಸಿ ತಂದು ನಿಲ್ಲಿಸಬೇಕು. ಇಷ್ಟು ವರ್ಷ ಪ್ರತಿ ಗಾಡಿಗೂ ಅವಳೇ ನಿಂತಿದ್ದಳು. ಈ ಸಲ ಸ್ಟೀರಿಂಗ್ ಹಿಡಿದು ಕೂತು ಎಂಜಿನ್ ಚಾಲೂ ಮಾಡಿದಳು.

“ಸರಿ ಇದೆ ಅಂದೋನು ನೀನು. ಹೋಗಿ ನಿಂತ್ಕೊ.”

ತಮ್ಮ ನಕ್ಕ. ಅಲ್ಲೆಲ್ಲ ಆಯಿಲ್ ಚೆಲ್ಲಿದೆ, ಶೂ ಹಾಳಾಗುತ್ತದೆ ಎಂದ. ಫೋನ್ ಬಂದವನಂತೆ ಜೇಬು ಮುಟ್ಟಿಕೊಂಡ. ಥೂ, ಇವನ ಜನ್ಮಕ್ಕಿಷ್ಟು! ತನ್ನ ಎರಡು ಕಾಲು ಒಪ್ಪಿಸಲಾಗದ ಬ್ರೇಕಿಗೆ ಹೆತ್ತವಳ ಜೀವ ಒಪ್ಪಿಸಲು ಹೊರಟಿದ್ದಾನೆ.

ಅಷ್ಟರಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಎದ್ದಳು. ಕೋಲೂರಿಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ನನ್ನ ಮಗ ಸರಿ ಇದೆ ಅಂದ್ನಲ್ಲ. ನಾನು ನಿಲ್ತೀನಿ, ಓಡಿಸು.”

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿದ್ದಾರೆಯೇ! ಬ್ರೇಕಕ್ಕನಿಗೆ ಮೈಯೆಲ್ಲ ಉರಿಯಿತು. ಅವಳು ತಮ್ಮನನ್ನೇ ನೋಡಿದಳು. ‘ಬೇಡಮ್ಮ’ ಎಂಬ ಒಂದೇ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಹಿಂದಿನದನ್ನೆಲ್ಲ ಮರೆಯುತ್ತಿದ್ದಳೋ ಏನೋ. ಅವನು ಕರವಸ್ತ್ರ ತೆಗೆದು ಬಂಪರಿನ ಮೇಲೆ ಬಿದ್ದಿದ್ದ ಬೆರಳ ಗುರುತು ಒರೆಸುತ್ತಿದ್ದ.

ಅವಳು ಎಂಜಿನ್ ಆರಿಸಿದಳು. ಕೇಳದೆ, ಹೇಳದೆ ಹಳೇ ಸಿಲಿಂಡರ್ ಕಿತ್ತು ಹೊಸದನ್ನು ಕೂರಿಸಿದಳು. ತಮ್ಮ ತಡೆಯಲಿಲ್ಲ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಕೊಡು, ಮುದ್ರೆಗೆ ಗೀರು ಬಿದ್ದೀತು ಎಂದಷ್ಟೇ ಹೇಳಿದ. ಕೊಟ್ಟಳು. ಅದನ್ನು ಕೂಸಿನಂತೆ ಎತ್ತಿಕೊಂಡು ಹೊರಗೆ ಹೋದ.

ಸ್ಟೂಲಿಗೆ ಮರಳಿದ್ದ ಅಮ್ಮನ ಕೈಗೆ ನೀರಿನ ಲೋಟ ಕೊಡುತ್ತ ಬ್ರೇಕಕ್ಕ ಬಾಯಿಗೆ ಬಂದಂತೆ ಬೈದಳು. ವಯಸ್ಸಾದ ಮೇಲೆ ಬುದ್ಧಿಯೂ ಹೋಯಿತೇ, ಆ ಶೋಕಿಲಾಲನ ಮೇಲೆ ಅಷ್ಟೊಂದು ನಂಬಿಕೆಯೇ ಎಂದು ಕೇಳಿದಳು. ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ನಂಬಿಕೆ ಎಲ್ಲಿಂದ ಬರ್ಬೇಕು? ಬೇಡ ಅಂತಾನೇನೋ ಅಂತ ನೋಡ್ದೆ ಕಣೆ. ಭಾನುವಾರ ಅವನೊಬ್ಬನೇ ಇಳೀಲಿ.”