ನಲ್ಲಿ ಬಂದ ದಿನ

ಇವತ್ತು ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ತಾರಸಿಯಲ್ಲಿ ಒಂದು ಟೊಮೆಟೊ ಕಿತ್ತೆ. ಮೇಲೆ ಕೆಂಪಗೆ ಚೆನ್ನಾಗಿಯೇ ಇತ್ತು. ತಿರುಗಿಸಿ ನೋಡಿದರೆ ತಳವೆಲ್ಲ ಕಪ್ಪಾಗಿ ಕುಸಿದಿತ್ತು. ಎಲೆಯ ಘಾಟು ಕೈಗೆ ಹತ್ತಿಕೊಂಡಿತ್ತು. ಆ ವಾಸನೆಗೆ ಜನ್ನಾಪುರದ ಪಕ್ಕದ ಮನೆಯ ಅಕ್ಕ ನೆನಪಾದರು...

ಮದುವೆಯಾದ ಹೊಸತರಲ್ಲಿ ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆಗಿದ್ದೆವು. ನನಗೆ ಮಾತಿಗೆ ಅಂತ ಇದ್ದವರು ಅವರೊಬ್ಬರೇ. ಆಗಲೂ ನನ್ನ ಕುಂಡದ ಟೊಮೆಟೊ ಹೀಗೇ ಕೊಳೆಯುತ್ತಿತ್ತು. ನಾನೋ, ಎಲ್ಲ ತಿಳಿದವಳಂತೆ, ರೋಗವೆಂದುಕೊಂಡು ಅಂಗಡಿಯಿಂದ ಔಷಧಿ ತಂದು ಹೊಡೆದದ್ದೇ ಹೊಡೆದದ್ದು. ಒಂದು ದಿನ ಅವರು ಕಾಂಪೌಂಡಿನ ಆಚೆಯಿಂದ ನೋಡಿ, "ರೋಗನೂ ಇಲ್ಲ, ಮಣ್ಣೂ ಇಲ್ಲ ಮಾರಾಯ್ತಿ. ನಲ್ಲಿ ಬಂದ ದಿನ ಕೊಡಗಟ್ಲೆ ಹೊಯ್ತೀಯ, ಆಮೇಲೆ ಮೂರು ದಿನ ತಿರುಗಿ ನೋಡಲ್ಲ. ದಿನಾ ಒಂದೊಂದು ಚೊಂಬು ಹಾಕು, ಸಾಕು" ಅಂದರು. ತಮ್ಮ ಎಲೆ-ಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು, ನೀರಿಗೆ ಕದಡಿ, ತಿಳಿಯನ್ನು ಬುಡಕ್ಕೆ ಹೊಯ್ದರು. ಕೆಟ್ಟ ಕಾಯಿಗಳು ಸರಿಯಾಗಲಿಲ್ಲ. ಆಮೇಲೆ ಬಿಟ್ಟವು ತಳದವರೆಗೂ ಕೆಂಪಾದವು. ಅಂದಿನಿಂದ ದಿನಾ ಸಂಜೆ ಚೊಂಬು ಹಿಡಿದು ನಾನು ಈಚೆ, ಅವರು ಆಚೆ... ಮಾತು ಮುಗಿಯುತ್ತಲೇ ಇರಲಿಲ್ಲ.

ಶಿವಮೊಗ್ಗಕ್ಕೆ ಬಂದ ಮೇಲೆ ಅದು ನಿಂತಿತು. ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ, ಆದರೂ ನಾನು ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ. ಫೋನೂ ಅಷ್ಟಕ್ಕಷ್ಟೇ. ಆ ಅಳುಕಿಗೆ, ಹೋದಾಗ ಸೀರೆ, ಸ್ವೀಟು, ಹಣ್ಣು ಅಂತ ಎರಡು ಚೀಲ ತುಂಬಿಕೊಂಡು ಹೋಗುತ್ತಿದ್ದೆ. ಕೊನೆಯ ಸಲ ಅವರು ತುಂಬ ಇಳಿದುಹೋಗಿದ್ದರು. ಚೀಲಗಳನ್ನು ನೋಡಿ ನಕ್ಕು, "ಓಹೋ, ಇವತ್ತು ನಲ್ಲಿ ಬಂತು" ಅಂದರು.

ನಾನು ದಡ್ಡಿ. ಮನೆಯ ನಲ್ಲಿಯೇ ಇರಬೇಕೆಂದು, "ಕೊಡ ತುಂಬಿಸಿಕೊಡ್ಲಾ ಅಕ್ಕ?" ಎನ್ನುತ್ತ ಎದ್ದೆ. ಅವರು ಕೈ ಹಿಡಿದು, "ಕೂತ್ಕೋ ಸುಮ್ನೆ" ಅಂದರು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೆಚ್ಚು ಕೂರಲೂ ಇಲ್ಲ.

ಅವರು ಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ, ಮಾರುಕಟ್ಟೆಯಲ್ಲಿ ಸಿಕ್ಕ ಹಳೆಯ ನೆರೆಯವರಿಂದ. ತರಕಾರಿ ಚೀಲ ಹಿಡಿದು ನಿಂತಲ್ಲೇ ಆ ನಲ್ಲಿಯ ಮಾತು ಅರ್ಥವಾಯಿತು. ಅವರಿಗೆ ಸೀರೆ ಬೇಕಿರಲಿಲ್ಲ. ದಿನಕ್ಕೊಂದು ಫೋನು ಸಾಕಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆದರೂ ಬುದ್ಧಿ ಬಂದಿಲ್ಲ ನೋಡಿ. ಈ ಬೇಸಿಗೆಯಲ್ಲೂ ನಾಲ್ಕು ದಿನ ಗಿಡ ಮರೆಯುವುದು, ಐದನೆಯ ದಿನ ಬಕೆಟ್ ಸುರಿಯುವುದು. ಕೊಳೆತದ್ದನ್ನು ಎಸೆದು, ಒಂದು ಚೊಂಬು ನೀರು ಹಾಕಿದೆ. ನಾಳೆಯೂ ಹಾಕುತ್ತೇನೆ. ಗಿಡಕ್ಕೆ ಮುಂದಿನ ಕಾಯಿ ಅಂತ ಒಂದಿದೆ. ನನಗೆ ಅಕ್ಕ ಇಲ್ಲ.